ಬಲಕ್ಕೆ ಬಿದ್ದ ಎಸಳು

ಹುಣಸೆಹಣ್ಣು ಹಚ್ಚಿ ಹಿತ್ತಾಳೆ ತಿಕ್ಕಿದ ಕೈಯ ವಾಸನೆ ಸೋಪು ಹಾಕಿದರೂ ಹೋಗುವುದಿಲ್ಲ. ಹುಳಿ, ಲೋಹ, ಹಳೆಯ ಎಣ್ಣೆ ಮೂರೂ ಸೇರಿ ಬೆರಳ ಸಂದಿಯಲ್ಲಿ ಸಂಜೆಯವರೆಗೂ ಕೂತಿರುತ್ತವೆ. ಪ್ರತಿ ಸೋಮವಾರ ಹೊನ್ನಾಳಿಯ ಈ ಬಾಡಿಗೆ ಮನೆಯಲ್ಲಿ ದೇವರ ಸಾಮಾನು ತೊಳೆಯುವಾಗ ನನಗೆ ನ್ಯಾಮತಿಯ ನಮ್ಮ ಮನೆ ನೆನಪಾಗುತ್ತದೆ. ತೊಳೆಯುವ ಸಾಮಾನೇನೂ ಕಡಿಮೆಯಿಲ್ಲ. ಯಾವ ದೇವರು ಯಾವಾಗ ಮುನಿಸಿಕೊಳ್ಳುತ್ತಾರೋ ಎಂಬ ಹೆದರಿಕೆಗೆ ಸಿಕ್ಕವರನ್ನೆಲ್ಲ ತಂದು ಕೂರಿಸಿದ್ದೇನೆ. "ಇನ್ನೊಬ್ರು ಬಂದ್ರೆ ನಾನು ಹೊರಗೆ ಮಲಗ್ಬೇಕಾಗ್ತೈತೆ ನೋಡು" ಎಂದು ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತದೆ ಹೇಳುತ್ತಾರೆ. ಐವತ್ತು ದಾಟಿದ ಹೆಂಗಸು ಒಬ್ಬ ದೇವರನ್ನು ನಂಬಿ ಸುಮ್ಮನಿರಲಾರದ್ದಕ್ಕೆ ಕಾರಣ ಅವರಿಗೆ ಗೊತ್ತಿಲ್ಲ. ಯಾರಿಗೂ ಹೇಳಿಲ್ಲ.

ಅಜ್ಜಿಯ ಕಾಲದಲ್ಲಿ ಅಂಥ ಗೊಂದಲ ಇರಲಿಲ್ಲ. ನಡುಮನೆಯ ಗೋಡೆಯಲ್ಲಿ ಒಂದೇ ಗೂಡು, ಗೂಡಿನಲ್ಲಿ ವೀರಭದ್ರನ ಒಂದೇ ಹಿತ್ತಾಳೆ ಮುಖ, ನಾವೆಲ್ಲ ಅವನ ಒಕ್ಕಲು. ಹೆಣ್ಣುಮಕ್ಕಳು ಮದುವೆಯಾಗುವ ತನಕ ಮಾತ್ರ. ಆಮೇಲೆ ಗಂಡನ ಮನೆದೇವರೇ ಅವರ ದೇವರು. ತವರಿಗೆ ಬಂದರೆ ಕೈ ಮುಗಿಯಬಹುದು, ಎಡೆ ಇಡುವಂತಿಲ್ಲ. ರೇಷನ್ ಕಾರ್ಡಿನಿಂದ ಹೆಸರು ತೆಗೆಸಿದಷ್ಟೇ ಸಲೀಸು. ಆ ಸಲೀಸು ಕೆಟ್ಟದ್ದು ನೀಲತ್ತೆ ಬಂದಾಗ.

ನೀಲತ್ತೆ ಅಪ್ಪನ ತಂಗಿ. ಜಗಳೂರಿಗೆ ಕೊಟ್ಟಿದ್ದರು. ಮಕ್ಕಳಿರಲಿಲ್ಲ, ಗಂಡ ತೀರಿಕೊಂಡ ಮೂರನೇ ತಿಂಗಳು ಅಪ್ಪ ಹೋಗಿ ಕರೆದುಕೊಂಡು ಬಂದರು. ಅವಳ ಟ್ರಂಕಿನ ಸೀರೆಗಳ ನಡುವೆ ಅಂಗೈಯಗಲದ ಬೆಳ್ಳಿ ತಗಡೊಂದಿತ್ತು: ಗಂಡನ ಮನೆದೇವರು ಚೌಡಮ್ಮ. ಆ ಮನೆಯಲ್ಲಿ ಹದಿನಾಲ್ಕು ವರ್ಷ ಆ ದೇವಿಗೆ ದೀಪ ಹಚ್ಚಿದ್ದು ಅವಳೇ. ಇಲ್ಲಿ ಎಲ್ಲಿಡಬೇಕೋ ತಿಳಿಯದೆ ಅಡುಗೆಮನೆಯ ಅಕ್ಕಿ ಡಬ್ಬದ ಮೇಲಿಟ್ಟು ಪೂಜೆ ಮಾಡುತ್ತಿದ್ದಳು. ಅಜ್ಜಿಗೆ ಅಕ್ಕಿ ಬೇಕಾದಾಗಲೆಲ್ಲ ಚೌಡಮ್ಮ ಏಳಬೇಕಿತ್ತು.

ಒಂಬತ್ತು ವರ್ಷದ ನನಗೆ ಅತ್ತೆ ಬಂದದ್ದೇ ವರ. ಆಗಲೇ ನಾನು ಚಿಂತೆಯ ಮೂಟೆ: ಬಾವಿ ಬತ್ತಿದರೆ, ಟೀಚರು ಹೊಡೆದರೆ, ಅಪ್ಪ ಹತ್ತಿದ ಬಸ್ಸು ಸವಳಂಗದ ಹತ್ತಿರ ಮಗುಚಿದರೆ. ಉಳಿದವರು ಗದರುತ್ತಿದ್ದರು. ಅತ್ತೆ ಮಾತ್ರ ನನ್ನ ತಲೆ ಬಾಚುತ್ತಾ ಒಂದೊಂದನ್ನೂ ಪೂರ್ತಿ ಕೇಳಿ, "ಹೂಂ, ಮುಂದಿಂದು ಯಾವ್ದೈತೆ ಹೇಳು" ಎನ್ನುತ್ತಿದ್ದಳು. ಅವಳು ಹೊರಟುಹೋದರೆ ಎಂಬುದು ಸಹಜವಾಗಿಯೇ ನನ್ನ ದೊಡ್ಡ ಚಿಂತೆಯಾಯಿತು. ಅದೊಂದನ್ನು ಅವಳಿಗೆ ಹೇಳಲಿಲ್ಲ.

ಶ್ರಾವಣಕ್ಕೆ ಮುಂಚೆ ಜಗಳೂರಿನಿಂದ ಅವಳ ಭಾವ, ಗಂಡನ ಅಣ್ಣ, ಬಂದು ಕೂತರು. ದೇವರು ತಮ್ಮ ಮನೆಯದು, ವಾಪಸು ಬೇಕು; ನೀಲಮ್ಮನೂ ಬರುವುದಾದರೆ ಬರಲಿ, ಅವಳ ಕೋಣೆ ಹಾಗೇ ಇದೆ ಎಂದರು. ಅತ್ತೆ ಬಾಗಿಲ ಹಿಂದೆ ನಿಂತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ. ಅಜ್ಜಿ ತೀರ್ಮಾನ ಹೇಳಿದಳು: "ಒಂದು ಮನ್ಯಾಗೆ ಎರಡು ಮನೆದೇವ್ರು ಆಗಲ್ಲ. ಇವ್ಳು ಯಾರ ಒಕ್ಕಲು ಅಂತ ನಮ್ಮ ಸ್ವಾಮೀನೇ ಹೇಳ್ಲಿ. ಹೂ ಕೇಳಾನ."

"ಕೇಳ್ರಿ, ಕೇಳ್ರಿ. ನಿಮ್ಮ ದೇವ್ರು ನಿಮ್ಮ ಕಡೆ ಮಾತಾಡ್ದೆ ನಮ್ಮ ಕಡೆ ಮಾತಾಡ್ತಾನಾ?" ಎಂದರು ಭಾವ.

"ನಮ್ಮ ಸ್ವಾಮಿ ನಿಮ್ಮಂಗಲ್ರಿ, ಬೀಗ್ರೆ" ಎಂದಳು ಅಜ್ಜಿ.

ಹೂ ಕೇಳುವುದೆಂದರೆ ದೇವರ ಎರಡೂ ಕೆನ್ನೆಗೆ ನೀರಲ್ಲಿ ಅದ್ದಿದ ಒಂದೊಂದು ಕಣಗಿಲೆ ಎಸಳು ಅಂಟಿಸಿ ಕಾಯುವುದು. ಬಲದ್ದು ಮೊದಲು ಬಿದ್ದರೆ ಅತ್ತೆ ಮತ್ತೆ ವೀರಭದ್ರನ ಒಕ್ಕಲು, ನಮ್ಮಲ್ಲೇ ಇರುವುದು. ಎಡದ್ದಾದರೆ ಚೌಡಮ್ಮನ ಒಕ್ಕಲು, ಆ ತಗಡಿನ ಜೊತೆಗೇ ಜಗಳೂರಿಗೆ. ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತು. "ಏ ಹುಡುಗಿ, ಸ್ನಾನ ಆಗೈತೇನೆ? ನೀನೇ ಅಂಟ್ಸು" ಎಂದಳು. ಎಲ್ಲರೂ ಕಣ್ಣು ಮುಚ್ಚಿ ಕೈ ಮುಗಿದರು. ನಾನು ಬಲದ ಎಸಳನ್ನು ನೀರಿಗೆ ತಾಗಿಸಿದಂತೆ ಮಾಡಿ ಇಟ್ಟೆ. ಎಡದ್ದನ್ನು, ಅಂಚೆಚೀಟಿಗೆ ಮಾಡುವ ಹಾಗೆ, ನಾಲಿಗೆಗೆ ಸವರಿ ಒತ್ತಿದೆ. ದೇವರ ಮುಖಕ್ಕೆ ಎಂಜಲು! ಬಾಯೆಲ್ಲ ಕಹಿಯಾದಾಗ ಕಣಗಿಲೆ ವಿಷವೆಂಬುದು ನೆನಪಾಗಿ, ಪಾಪದ ಭಯದ ಜೊತೆಗೆ ಸಾವಿನ ಭಯವೂ ಸೇರಿಕೊಂಡಿತು.

ಬಲದ ಎಸಳು ಬಿತ್ತು. ಅಪ್ಪ "ಸ್ವಾಮೀ" ಎಂದು ಅಡ್ಡಬಿದ್ದರು. ಗೆದ್ದೆನೆಂದು ನಾನು ತಿರುಗಿ ನೋಡಿದರೆ ಅತ್ತೆ ಅಲ್ಲಿರಲಿಲ್ಲ. ಅಡುಗೆಮನೆಯಲ್ಲಿ ಅಕ್ಕಿ ಡಬ್ಬದ ಮುಂದೆ ಕೂತು, ಊರಿಗೆ ಕಳಿಸುವ ಮಗುವಿನ ಮುಖ ಒರೆಸುವ ಹಾಗೆ ಆ ತಗಡನ್ನು ಸೆರಗಿನಿಂದ ಒರೆಸುತ್ತಿದ್ದಳು. ಆಮೇಲೆ ಬಟ್ಟೆಯಲ್ಲಿ ಸುತ್ತಿ ಭಾವನ ಕೈಗೆ ಕೊಟ್ಟಳು. ಅವತ್ತಿನಿಂದ ಅಕ್ಕಿ ತೆಗೆಯಲು ಯಾರನ್ನೂ ಏಳಿಸಬೇಕಾಗಲಿಲ್ಲ.

ಮೂವತ್ತು ವರ್ಷಕ್ಕೂ ಮೇಲೆ ಅವಳು ನಮ್ಮ ಜೊತೆಯೇ ಇದ್ದಳು. ವೀರಭದ್ರನಿಗೆ ದಿನ ತಪ್ಪದೆ ಕೈ ಮುಗಿದಳು, ಏನನ್ನೂ ಬೇಡಿದ್ದು ಕಾಣೆ. ಅಜ್ಜಿ ಹೋದಳು, ಅಪ್ಪ ಹೋದರು. ರಸ್ತೆ ಅಗಲ ಮಾಡುವಾಗ ಮನೆ ಅರ್ಧ ಹೋಗಿ, ಉಳಿದರ್ಧ ಒಂದು ಮಳೆಗೆ ತಾನೇ ಕೂತುಬಿಟ್ಟಿತು. ಕೊನೆಯ ಎರಡು ವರ್ಷ ಅತ್ತೆ ನನ್ನ ಹತ್ತಿರ ಇದ್ದಳು. ಒಂದು ಮಧ್ಯಾಹ್ನ ನಾನು ಯಾವುದೋ ಚಿಂತೆ ಹೇಳಿ ಮುಗಿಸಿದಾಗ ಅವಳು ಮುಂದಿನದನ್ನು ಕೇಳಲಿಲ್ಲ.

"ಅವತ್ತು ಎಡದ್ದು ಬೀಳ್ಲಿ ಅಂತ ಬೇಡ್ಕಂಡಿದ್ದೆ ಕಣೆ" ಎಂದಳು.

"ಅಲ್ಲಿ ನಿಂಗೆ ಯಾರಿದ್ರು ಅತ್ತೆ?"

"ಚೌಡಮ್ಮ ಇದ್ಲಲ್ಲ. ಬೆಳಿಗ್ಗೆ ಎದ್ರೆ ನಂದೇ ಅಂತ ಒಂದು ಕೆಲ್ಸ ಇತ್ತು." ತಾನೇ ಮುಂದುವರಿಸಿದಳು: "ಸ್ವಾಮಿ ಬ್ಯಾಡ ಅಂದ. ದೇವ್ರೇ ಅಂದ್ಮೇಲೆ ಯಾರನ್ನ ಬೈಯಾಕಾಗ್ತೈತೆ? ಸುಮ್ನಾದೆ. ಮನುಷ್ಯರು ಯಾರಾದ್ರೂ ಅಂದಿದ್ರೆ ತಡ್ಕಂತಿರ್ಲಿಲ್ಲ ನೋಡು."

ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಅದು ದೇವರ ಮಾತೆಂಬುದೊಂದೇ ಅವಳು ಅಷ್ಟು ವರ್ಷ ಒರಗಿಕೊಂಡಿದ್ದ ಗೋಡೆ. ಎಡದ ಎಸಳನ್ನು ಹಿಡಿದಿಟ್ಟದ್ದು ಸ್ವಾಮಿಯೋ ನನ್ನ ಎಂಜಲೋ ನನಗಾದರೂ ಏನು ಗೊತ್ತು? "ಹೌದತ್ತೆ, ಸ್ವಾಮಿ ಅಂದ್ಮೇಲೆ ಮುಗೀತು" ಎಂದೆ. ಅವಳು ಮಗ್ಗುಲಾಗಿ ಕಣ್ಣು ಮುಚ್ಚಿದಳು.

ಅತ್ತೆ ಹೋಗಿ ಆರು ವರ್ಷವಾಯಿತು. ಮದುವೆಯಾದವಳು ತವರಿನವರಿಗೆ ಎಡೆ ಇಡುವುದು ನಮ್ಮಲ್ಲಿ ರೂಢಿಯಲ್ಲ. ಅವಳಿಗೆ ಇಡುವವರು ಬೇರೆ ಯಾರೂ ಇಲ್ಲವಾದ್ದರಿಂದ ಪಿತೃಪಕ್ಷದಲ್ಲಿ ನಾನೇ ಒಂದೆಲೆ ಬಡಿಸುತ್ತೇನೆ. ಬಡಿಸಿಕೊಂಡು ಬಂದು, ಅದನ್ನು ವೀರಭದ್ರನ ಮುಂದೆ ಇಡಬೇಕೋ ಚೌಡಮ್ಮನ ಮುಂದೆ ಇಡಬೇಕೋ ತಿಳಿಯದೆ ನಿಲ್ಲುತ್ತೇನೆ. ಅನ್ನ ಆರಿ ತಣ್ಣಗಾಗುವ ತನಕ ಎಲೆ ನನ್ನ ಕೈಯಲ್ಲೇ ಇರುತ್ತದೆ.