ಇಲ್ಲ ಎನ್ನುವ ಕಚೇರಿ

ಗುರುವಾರದ ಸಭೆಯಲ್ಲಿ ಗೆದ್ದವಳು ನಾನೇ. ಅಟ್ಲಾಂಟಿಕ್‌ನಾಚೆಯ, ಎರಡು ದ್ವೀಪಗಳ ಒಂದು ಪುಟ್ಟ ದೇಶದ ಭೂದಾಖಲೆಗಳನ್ನು ಆನ್‌ಲೈನ್‌ಗೆ ತರುವ ಕೆಲಸ ಬರ್ಮಿಂಗ್‌ಹ್ಯಾಮ್‌ನ ನಮ್ಮ ಕಂಪನಿಯದು, ಹಣ ಬ್ರಿಟಿಷ್ ನೆರವಿನದು. ಪ್ರಯೋಗ ನಡೆಯುತ್ತಿದ್ದ ವರ್ಷವಿಡೀ ಒಮ್ಮೆ ದಾಖಲಾದ ಹೆಸರನ್ನು ತಿದ್ದಬೇಕಾದರೆ ಬೀಗ ತೆಗೆಯುತ್ತಿದ್ದುದು ನಮ್ಮ ತಂಡ. ಪ್ರತಿ ಸ್ಲೈಡಿನಲ್ಲೂ ‘ಸಾಮರ್ಥ್ಯವರ್ಧನೆ’ ಎಂದು ಬರೆದುಕೊಂಡು ಬೀಗದ ಕೈ ನಮ್ಮ ಜೇಬಿನಲ್ಲೇ ಇಟ್ಟುಕೊಳ್ಳುವುದು ಯಾವ ಸೀಮೆಯ ಸಹಕಾರ ಎಂದು ಕೇಳಿದೆ. ಎದುರಾಳಿಯ ಕೊನೆಯ ವಾದವನ್ನು ಮೊದಲೇ ನಾವೇ ಹೇಳಿ ಮುರಿಯಬೇಕು. ಧಾರವಾಡದ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತ ಪಟ್ಟು ಅದು. ಮ್ಯಾನೇಜರ್ ಸೋತರು. ಹಸ್ತಾಂತರದ ದಿನದಿಂದ ಪೂರ್ತಿ ಅಧಿಕಾರ ಅಲ್ಲಿನ ರಿಜಿಸ್ಟ್ರಾರ್ ಕೈಗೆ ಎಂದಾಯಿತು.

ಆ ರಿಜಿಸ್ಟ್ರಾರ್, ತರಬೇತಿಗೆ ಬಂದಿದ್ದ ಐವತ್ತರ ಆಸುಪಾಸಿನ ಹೆಂಗಸು, ನನ್ನ ಎದುರಿಗೇ ಕೂತಿದ್ದರು. ಏನೂ ಹೇಳಲಿಲ್ಲ. ಮೌನವನ್ನು ಸಮ್ಮತಿ ಎಂದುಕೊಂಡೆ.

ಶುಕ್ರವಾರ ಅವರು ನನ್ನ ಮೇಜಿನ ಬಳಿ ಬಂದು, ನಿರ್ಧಾರ ಬರವಣಿಗೆಗೆ ಇಳಿಯಿತೇ ಎಂದು ಕೇಳಿದರು. ಸೋಮವಾರ ಇಳಿಯುತ್ತದೆ ಎಂದೆ. ಮಧ್ಯಾಹ್ನ ಮತ್ತೆ ಬಂದು ಅದನ್ನೇ ಕೇಳಿದರು. ಸಂಜೆ ಟ್ರಾಮಿನಲ್ಲಿ ನಿಂತವಳಿಗೆ ನಾನು ಗೆದ್ದದ್ದು ಯಾರ ಮೇಲೆ ಎಂಬ ಕಿರಿಕಿರಿ ಶುರುವಾಯಿತು.

ರಿಜಿಸ್ಟ್ರಾರ್ ದಿನವೂ ಹೋಟೆಲ್ಲಿನಲ್ಲೇ ಉಣ್ಣುತ್ತಿದ್ದಾರೆಂದು ಕೇಳಿದ ಅಕ್ಕ, ಕರೆದುಕೊಂಡು ಬಾ ಎಂದು ಹಟ ಹಿಡಿದಿದ್ದಳು. ಅವಳ ಮನೆ ಅದೇ ಊರಿನ ಹಾರ್ಬೋರ್ನ್ ಬಡಾವಣೆಯಲ್ಲಿ. ಅವಳ ಗಂಡ, ಅಂದರೆ ಮಾಮಾ, ಆಸ್ಪತ್ರೆಯಲ್ಲಿ ಡಾಕ್ಟರ್. ಶನಿವಾರ ಮಧ್ಯಾಹ್ನ ಜೋಳದ ರೊಟ್ಟಿ, ಎಣ್ಣೆಗಾಯಿ ಬಡಿಸುತ್ತಿರುವಾಗಲೇ ಹುಬ್ಬಳ್ಳಿಯಿಂದ ಫೋನ್ ಬಂತು. ಮಾಮಾನ ಕಾಕಾನಿಗೆ ಬಿಪಿ ಗುಳಿಗೆ ಬದಲಿಸಿ ಬರೆದು ಕಳಿಸಬೇಕಂತೆ.

“ಇಲ್ಲಿ ಕುಂತು ಬರದು ಕೊಡಾಕ ಕಾನೂನು ಬಿಡೂದಿಲ್ರಿ ಕಾಕಾ,” ಎಂದರು ಮಾಮಾ, ತೀರಾ ನೊಂದ ದನಿಯಲ್ಲಿ. “ನನ್ನ ಕೈಯಾಗ ಏನೂ ಇಲ್ಲ.” ಫೋನ್ ಇಟ್ಟು ನೆಮ್ಮದಿಯಾಗಿ ಇನ್ನೊಂದು ರೊಟ್ಟಿ ಮುರಿದರು.

ಏನಂದರು ಎಂದು ರಿಜಿಸ್ಟ್ರಾರ್ ಕೇಳಿದರು. ಇಂಗ್ಲಿಷಿನಲ್ಲಿ ಹೇಳಿದೆ. ಅವರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು.

“ಗುರುವಾರ ನೀನು ನನ್ನಿಂದ ಕಿತ್ತುಕೊಂಡದ್ದು ಇದನ್ನೇ.”

ಆಮೇಲೆ ಒಂದೊಂದೇ ಬಿಚ್ಚಿ ಹೇಳಿದರು. ಅವರ ದ್ವೀಪದಲ್ಲಿ ನೆಂಟರಲ್ಲದವರು ಗಂಡನ ಕಡೆಯ ನೆಂಟರು. ಗಡಿ ತುಸು ಸರಿಸು, ಸತ್ತವರ ಹೆಸರು ತೆಗೆದು ನನ್ನದು ಹಾಕು ಎಂದು ಮೀನು ಹಿಡಿದುಕೊಂಡು ಮನೆಗೇ ಬರುತ್ತಾರೆ. ಹಿಂದೆ ಅದೇ ಕುರ್ಚಿಯಲ್ಲಿದ್ದ ಅವರ ಚಿಕ್ಕಪ್ಪ ಒಬ್ಬರಿಗೆ ಮಾಡಿಕೊಟ್ಟು, ಆಮೇಲೆ ಯಾರಿಗೂ ಇಲ್ಲ ಎನ್ನಲಾಗದೆ, ಕೊನೆಗೆ ಕೆಲಸವನ್ನೂ ಊರನ್ನೂ ಬಿಟ್ಟರಂತೆ. ಈ ಒಂದು ವರ್ಷ ಮಾತ್ರ ಇವರು ‘ಬರ್ಮಿಂಗ್‌ಹ್ಯಾಮ್ ಬೀಗ ತೆಗೆಯುತ್ತಿಲ್ಲ’ ಎಂದು ಹೇಳಿ, ಭಾನುವಾರ ಅದೇ ಜನರ ಪಕ್ಕ ಚರ್ಚಿನಲ್ಲಿ ಕೂತಿದ್ದರು. ಇನ್ನು ಒಂದೋ ದಾಖಲೆ ಕೆಡಬೇಕು, ಇಲ್ಲವೇ ನೆಂಟಸ್ತನ.

ನಾನು ಸುಮ್ಮನಿರುವವಳೇ? ನಮಗೆ ಇಲ್ಲ ಎನ್ನಲು ಬರುವುದಿಲ್ಲ, ಹೊರಗಿನವರೇ ಬೀಗ ಹಿಡಿಯಲಿ ಅನ್ನುವುದು ನಮ್ಮನ್ನು ಆಳಿದವರ ವಾದ ಎಂದೆ.

“ಅದನ್ನು ಮೊದಲು ನಿನ್ನ ಭಾವನಿಗೆ ಹೇಳು.”

“ಬರೋಬ್ಬರಿ ಹಿಡದ್ರು ನೋಡು ನಿನ್ನ,” ಎಂದಳು ಅಕ್ಕ. ಮಾಮಾ ಇನ್ನಷ್ಟು ಎಣ್ಣೆಗಾಯಿ ಬಡಿಸಿಕೊಂಡರು.

ಕೂರಲಾಗಲಿಲ್ಲ. ಎದ್ದು, ಯಾರೂ ಹೇಳದಿದ್ದರೂ ಪಾತ್ರೆ ತೊಳೆಯತೊಡಗಿದೆ. ಸೋಮವಾರ ನಾನು ಹಿಂದೆ ಸರಿದರೆ ಕುಣಿದಾಡುವುದು ನಮ್ಮ ಕಂಪನಿ: ಬೀಗ ನಮ್ಮಲ್ಲಿರುವ ತನಕ ಗುತ್ತಿಗೆಯೂ ನಮ್ಮದೇ. ಬೀಗ ನಮ್ಮಲ್ಲಿರಬಾರದೆಂಬ ನನ್ನ ಅರ್ಧ ವಾದ ಇನ್ನೂ ಗಟ್ಟಿಯಾಗಿತ್ತು, ಈಗಲೂ ಗಟ್ಟಿಯಾಗಿದೆ. ತಟ್ಟೆ ಒರೆಸಲು ಬಂದ ರಿಜಿಸ್ಟ್ರಾರ್‌ಗೂ ಅದನ್ನೇ ಹೇಳಿದೆ. ನಿಮ್ಮ ಕಂಪನಿಯ ಮೇಲೆ ನನಗೇನೂ ಪ್ರೀತಿಯಿಲ್ಲ ಎಂದರು. ಹಾಗಾದರೆ ಇಲ್ಲ ಎನ್ನಬಲ್ಲವರು ನಿಮ್ಮ ದೇಶದಲ್ಲೇ ಒಬ್ಬರೂ ಇಲ್ಲವೇ ಎಂದು ಕೇಳಿದೆ. ಒರೆಸಿದ ತಟ್ಟೆ ಕೆಳಗಿಟ್ಟು, ಉತ್ತರದ ದ್ವೀಪದಲ್ಲಿ ಒಂದು ಉಪಕಚೇರಿ ಇದೆ ಎಂದರು.

“ಅಲ್ಲಿರುವವರೂ ನಿಮ್ಮ ನೆಂಟರೇ ಅಲ್ಲವೇ?”

“ನೆಂಟರೇ. ಅಜ್ಜನ ಕಾಲದಿಂದ ಮಾತು ಬಿಟ್ಟಿದ್ದೇವೆ.”

ಸೋಮವಾರ ನನ್ನ ಗುರುವಾರದ ವಾದವನ್ನು ನಾನೇ ಕೆಡವಿದೆ: ರಿಜಿಸ್ಟ್ರಾರ್ ದ್ವೀಪದ ತಿದ್ದುಪಡಿಗೆ ಉತ್ತರದ ದ್ವೀಪದ ಕಚೇರಿ ಒಪ್ಪಬೇಕು, ಅಲ್ಲಿಯದಕ್ಕೆ ಇವರದು, ಬರ್ಮಿಂಗ್‌ಹ್ಯಾಮ್ ನಡುವೆ ಬರಕೂಡದು. ನೀನು ಯಾವ ಪಕ್ಷ ಎಂದು ಮ್ಯಾನೇಜರ್ ಕೇಳಿದರು. ರಿಜಿಸ್ಟ್ರಾರ್ ಪಕ್ಷ ಎಂದು ಹೇಳಿಬಿಡಬಹುದಿತ್ತು. ಆದರೆ ಒಂದು ದೇಶದ ಆಡಳಿತ ಹಳೆಯ ಮುನಿಸಿನ ಮೇಲೆ ನಿಲ್ಲುವುದು ನನಗೇ ಸರಿಯೆನಿಸುತ್ತಿರಲಿಲ್ಲ. ಆ ಎರಡು ಮನೆಗಳ ನಡುವೆ ನಾಳೆ ಒಂದು ಮದುವೆಯಾದರೆ? ರಿಜಿಸ್ಟ್ರಾರ್ ಅವರನ್ನೇ ಕೇಳಿದೆ. ಆಗ ನೋಡೋಣ ಎಂದರು.

ನಿಯಮ ಒಪ್ಪಿಗೆಯಾಯಿತು. ಮರುದಿನ ಮಧ್ಯಾಹ್ನ, ಅಲ್ಲಿ ಕಚೇರಿ ತೆರೆಯುವ ಹೊತ್ತಿಗೆ, ಪರೀಕ್ಷೆಗೆಂದು ಅವರು ತಮ್ಮ ಸ್ವಂತ ಅಣ್ಣನ ಅರ್ಜಿಯನ್ನೇ ಉತ್ತರಕ್ಕೆ ಕಳಿಸಿದರು. ನಾವು ಚಹಾ ಮುಗಿಸುವಷ್ಟರಲ್ಲಿ ತಿರಸ್ಕೃತವಾಗಿ ಬಂತು, ಕಾರಣ ಸಾಲದು ಎಂಬ ಒಣ ಟಿಪ್ಪಣಿಯೊಂದಿಗೆ. ಅವರು ಅದನ್ನು ನಿಧಾನವಾಗಿ ಓದಿದರು. ಅರ್ಜಿದಾರನಿಗೆ ಹೋಗುವ ಪ್ರತಿಯಲ್ಲಿ, ಬೇಡವೆಂದ ಕಚೇರಿಯ ಹೆಸರು ಮೇಲುಗಡೆ ದಪ್ಪ ಅಕ್ಷರದಲ್ಲಿ ಬರಬೇಕು ಎಂದರು. ಮಾಡಿ ತೋರಿಸಿದೆ.

ಅವರು ಕನ್ನಡಕ ತೆಗೆದು, ಕುರ್ಚಿ ಹಿಂದಕ್ಕೆ ಸರಿಸಿ, ದೂರದಿಂದ ನೋಡಿದರು.

“ಇನ್ನೂ ದೊಡ್ಡದಾಗಲಿ.”