ಅಣ್ಣನಿಗೆ ಕೊಟ್ಟ ಕಾಪಿ

ಅಪ್ಪ ತೀರಿಕೊಂಡು ಮೂರು ತಿಂಗಳಾಗಿತ್ತು. ಸಿಂದಗಿಯ ಅಣ್ಣನ ಮನೆಗೆ ಹೋದಾಗ ಅಪ್ಪನ ಪೇಟಿ ಟಿವಿ ಪಕ್ಕದ ಗಾಜಿನ ಕಪಾಟಿನಲ್ಲಿತ್ತು. ನಮ್ಮ ಕಡೆ ಹಾರ್ಮೋನಿಯಮ್ಮಿಗೆ ಪೇಟಿ ಎನ್ನುತ್ತೇವೆ. ಅದರ ಮೇಲೊಂದು ಪ್ಲಾಸ್ಟಿಕ್ ಹೂವಿನ ಕುಂಡ. ಕುಂಡ ಇಳಿಸಿ, ಮುಚ್ಚಳ ತೆಗೆದು, ತಿದಿಯ ಮೇಲೆ ಕೈಯಿಟ್ಟೆನೋ ಇಲ್ಲವೋ, ಅಣ್ಣ ಒಳಗಿನಿಂದ ಬಂದ.

"ಮುಟ್ಟಬ್ಯಾಡ. ಅದು ಮನಿತನದ್ದು. ನೀ ಬ್ಯಾರೆ ಮನಿಗೆ ಹೋದಾಕಿ."

ಹಾಗೆಂದವನೇ ಕೆಳಗಿನ ಖಾನೆಯಿಂದ ಬಿಸ್ಕಿಟ್ ಡಬ್ಬಿಯೊಂದನ್ನು ತೆಗೆದು ನನ್ನ ಕೈಗಿಟ್ಟ. ಒಳಗೆ ಸಿಡಿಗಳು. ಅಪ್ಪ ಇಂಡಿ ಪಟ್ಟಣದ ನಿಂಬೆಹಣ್ಣಿನ ಮಾರುಕಟ್ಟೆಯಲ್ಲಿ ಗುಮಾಸ್ತನಾಗಿದ್ದ. ಸಂಜೆಯಾದರೆ ಭಜನೆಯವರ ಜೊತೆ ಪೇಟಿ ಬಾರಿಸುತ್ತಿದ್ದ. ಸುತ್ತಲಿನ ಊರುಗಳ ಕಾರ್ಯಕ್ರಮಗಳಲ್ಲಿ ಮೈಕಿನವರು ರೆಕಾರ್ಡ್ ಮಾಡಿ ಕೊಟ್ಟ ಮೂವತ್ತೆಂಟು ಸಿಡಿಗಳನ್ನು ಅವನು ಆ ಡಬ್ಬಿಯಲ್ಲಿ ಜೋಪಾನ ಮಾಡಿದ್ದ.

"ಇವನ್ನೆಲ್ಲಾ ಪೆನ್‌ಡ್ರೈವ್‌ನ್ಯಾಗ ಹಾಕಿ ಕೊಡು. ಸಾಲ್ಯಾಗ ಕಂಪ್ಯೂಟರ್ ಕಲಿಸಾಕಿ ನೀ, ನಿನಗೇನ್ ದೊಡ್ಡ ಕೆಲಸ. ಅಪ್ಪನ ವರ್ಷದ ಕಾರ್ಯಕ್ಕ ಹಚ್ಚೂಣು," ಎಂದ.

ಪೇಟಿ ಮುಟ್ಟಲು ನಾನು ಬೇರೆ ಮನೆಯವಳು. ಚಾಕರಿ ಮಾಡಲು ಮಾತ್ರ ಈ ಮನೆಯವಳೇ.

ಇದು ಹೊಸದಲ್ಲ. ಚಿಕ್ಕಂದಿನಲ್ಲಿ ಅಪ್ಪ ಅಣ್ಣನನ್ನು ಎದುರು ಕೂರಿಸಿಕೊಂಡು ಕಲಿಸುತ್ತಿದ್ದ. ನಾನು ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ರೊಟ್ಟಿಯ ಹಿಟ್ಟು ಮೆತ್ತಿದ ಬೆರಳುಗಳನ್ನೇ ನೆಲದ ಮೇಲೆ ಆಡಿಸುತ್ತಿದ್ದೆ. ಅಣ್ಣನಿಗೆ ಏಳು ಸ್ವರಗಳೂ ನೆಟ್ಟಗೆ ಹತ್ತಲಿಲ್ಲ. ಅವನಿಲ್ಲದ ಹೊತ್ತು ನಾನು ಬಾರಿಸುವುದನ್ನು ಒಂದು ದಿನ ಕಂಡವನೇ ಪೇಟಿಗೆ ಬೀಗ ಜಡಿದು ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡ. ಅಪ್ಪ ಕೇಳಿದಾಗಷ್ಟೇ ತೆಗೆದುಕೊಡುತ್ತಿದ್ದ. ಅಪ್ಪ ಅದನ್ನು ನೋಡಿಯೂ ಸುಮ್ಮನಿದ್ದ. ಅಪ್ಪನ ಮೇಲಿನ ಸಿಟ್ಟು ಅವನು ಪೇಟಿ ಹಿಡಿದರೆ ಸಾಕು, ಇಳಿದುಹೋಗುತ್ತಿತ್ತು. ಅಣ್ಣನ ಮೇಲಿನದು ಇಳಿಯಲಿಲ್ಲ, ನಾನೂ ಇಳಿಸಿಕೊಳ್ಳಲು ಹೋಗಲಿಲ್ಲ.

ಬಸವನ ಬಾಗೇವಾಡಿಯ ನನ್ನ ಮನೆಗೆ ಬರುವತನಕ ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಈಗಿನ ಲ್ಯಾಪ್‌ಟಾಪಿಗೆ ಸಿಡಿ ಹಾಕುವ ಜಾಗವೇ ಇರುವುದಿಲ್ಲವಾದ್ದರಿಂದ ಹೊರಗಿನಿಂದ ಜೋಡಿಸುವ ಡ್ರೈವ್ ತರಿಸಿದೆ. ಮೊದಲ ಸಿಡಿ ಹಾಕಿದಾಗ ಸಾಫ್ಟ್‌ವೇರ್ ಕೇಳಿತು, ಯಾವ ಫಾರ್ಮ್ಯಾಟಿನಲ್ಲಿ ಬೇಕು? ಪಟ್ಟಿಯಲ್ಲಿ ಹಲವು ಇದ್ದವು. ನನಗೆ ಬೇಕಾದ್ದು ಫ್ಲ್ಯಾಕ್. ಅದು ಸೀರೆಯನ್ನು ಮಡಿಚಿ ಟ್ರಂಕಿನಲ್ಲಿಟ್ಟ ಹಾಗೆ. ಜಾಗ ಕಡಿಮೆ ಹಿಡಿಯುತ್ತದೆ, ಬಿಚ್ಚಿದರೆ ಒಂದೆಳೆಯೂ ಕಳೆದಿರುವುದಿಲ್ಲ. ಎಂಪಿತ್ರೀ ಹಾಗಲ್ಲ, ಚೀಲದಲ್ಲಿ ಹಿಡಿಯಲಿ ಎಂದು ಸೆರಗನ್ನೇ ಕತ್ತರಿಸುತ್ತದೆ. ಸ್ವಲ್ಪ ಕತ್ತರಿಸಿದರೆ ಕಣ್ಣಿಗೆ ಬೀಳುವುದಿಲ್ಲ. ಎಷ್ಟು ಕತ್ತರಿಸಬೇಕೆಂಬುದು ನಮ್ಮ ಕೈಯಲ್ಲಿರುತ್ತದೆ. ಒಮ್ಮೆ ಕತ್ತರಿಸಿದ್ದನ್ನು ಮತ್ತೆ ಯಾರೂ ಹೊಲಿದು ಜೋಡಿಸಲಾರರು.

ಹದಿನೈದು ದಿನ ಹಿಡಿಯಿತು. ಗೀರು ಬಿದ್ದ ಸಿಡಿಗಳನ್ನು ಹಳೆಯ ಮೆತ್ತನೆಯ ಧೋತರದ ತುಂಡಿನಿಂದ ಒಳಗಿನಿಂದ ಹೊರಗೆ ಒರೆಸಿ, ಓದದ ಕಡೆ ಮತ್ತೆ ಮತ್ತೆ ಓದಿಸಿದೆ. ಎಲ್ಲವನ್ನೂ ಫ್ಲ್ಯಾಕ್‌ನಲ್ಲಿ ಇಳಿಸಿಕೊಂಡು ಕಿವಿಗೆ ಹಾಕಿ ಕೇಳಿದರೆ ತಿದಿಯ ಉಸಿರು, ಅಪ್ಪನ ಉಂಗುರ ಕಟ್ಟಿಗೆಗೆ ತಾಗುವ ಸದ್ದು, ಹಾಡು ಎತ್ತುವ ಮುಂಚಿನ ಸಣ್ಣ ಕೆಮ್ಮು, ಎಲ್ಲವೂ ಇತ್ತು. ಅತ್ತೆ. ಅತ್ತು ಮುಗಿದ ಮೇಲೆ ಅಣ್ಣನ ಕಾಪಿಗೆ ಕೂತೆ.

ಎಂಪಿತ್ರೀ ಆರಿಸಿದೆ. ಎಷ್ಟು ಕತ್ತರಿಸಲಿ ಎಂದು ಅಂಕಿಗಳ ಪಟ್ಟಿ ಬಂತು, ಅಂಕಿ ಇಳಿದಷ್ಟೂ ಕತ್ತರಿಸುವುದು ಹೆಚ್ಚು. ಮುನ್ನೂರಿಪ್ಪತ್ತು ಇತ್ತು, ನೂರಾ ತೊಂಬತ್ತೆರಡು ಇತ್ತು, ಯಾರಿಗಾದರೂ ಸಾಲುವ ನೂರಾ ಇಪ್ಪತ್ತೆಂಟೂ ಇತ್ತು. ನಾನು ಕೆಳಗೆ, ಇನ್ನೂ ಕೆಳಗೆ ಇಳಿದು ಮೂವತ್ತೆರಡಕ್ಕೆ ನಿಂತೆ. ಎರಡು ಸ್ಪೀಕರಿನ ಸದ್ದನ್ನು ಒಂದಕ್ಕೇ ಕಟ್ಟಿಹಾಕಿದೆ. ಕೇಳಿ ನೋಡಿದರೆ ಪೇಟಿ ನೀರೊಳಗಿನಿಂದ ಬಂದಂತೆ ನಡುಗುತ್ತಿತ್ತು. ತಾಳಗಳು ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಚಿಟಪಟಗುಟ್ಟುತ್ತಿದ್ದವು. ತಬಲಾಕ್ಕೆ ಅಂಚೇ ಇರಲಿಲ್ಲ. ನನಗೆ ಖುಷಿಯಾಯಿತು. ಇದನ್ನು ಬರೆಯಲು ನಾಚಿಕೆ ಇಲ್ಲ. ಹೊಟ್ಟೆ ತಣ್ಣಗಾಗುವಷ್ಟು ಖುಷಿಯಾಯಿತು. ಪೇಟಿ ನಿನಗೆ ಇರಲಿ, ಅಪ್ಪ ನನಗೆ ಇರಲಿ ಎಂದುಕೊಂಡೆ. ಸಂಶಯ ಬರಬಾರದೆಂದು ಪ್ರತಿ ಹಾಡಿಗೂ ಹೆಸರು, ಊರು ತಪ್ಪಿಲ್ಲದೆ ಹಾಕಿ, ಅಪ್ಪನ ರುಮಾಲು ಸುತ್ತಿದ ಫೋಟೊ ಕೂಡ ಜೋಡಿಸಿದೆ.

ಡಬ್ಬಿಯನ್ನೂ ಪೆನ್‌ಡ್ರೈವನ್ನೂ ಒಯ್ದು ಕೊಟ್ಟಾಗ ಅಣ್ಣ ಒಂದು ಹಾಡನ್ನು ಮೊಬೈಲಿಗೆ ಹಾಕಿಕೊಂಡು ಅಂಗಳದಲ್ಲಿ ನಿಂತು ಕೇಳಿದ. ಕಣ್ಣೊರೆಸಿಕೊಂಡ. "ಅಗದೀ ಛಲೋ ಆಗೇತಿ ತಂಗಿ," ಎಂದ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಅವನಿಗೆ ಏನೂ ತಿಳಿಯಲಿಲ್ಲ. ಹೊಡೆದ ಪೆಟ್ಟು ತಾಗದಿದ್ದರೆ ಹೊಡೆದವರ ಕೈಯೇ ಉರಿಯುತ್ತದಲ್ಲ, ಹಾಗೆ ಉರಿಯಿತು.

ಮುಂದಿನ ಸಲ ಹೋದಾಗ ಅವನ ಹೊಲದ ಬದಿಯಲ್ಲಿ ಬಸ್ಸು ನಿಧಾನಿಸಿತು. ಹಾಲುಗಾಳು ಕಟ್ಟಿದ ಜೋಳದ ಮೇಲೆ ಏನೋ ಮಿಂಚುತ್ತಿತ್ತು. ಸಿಡಿಗಳು. ಗುಬ್ಬಿಗಳು ಹೆದರಲಿ ಎಂದು ದಾರಕ್ಕೆ ಪೋಣಿಸಿ ಗೂಟದಿಂದ ಗೂಟಕ್ಕೆ ಕಟ್ಟಿದ್ದ. ಕೇಳಿದರೆ, "ಕಾಪಿ ಆಗೇತಲ್ಲ, ಇನ್ನ ಅವು ಯಾಕ ಬೇಕು?" ಎಂದ. ಬಿಸಿಲಿಗೆ ಅವುಗಳ ಮಿರುಗುವ ಪದರ ಆಗಲೇ ಕಿತ್ತುಬರುತ್ತಿತ್ತು. ಅಪ್ಪನ ಪೇಟಿ ಪೂರ್ತಿಯಾಗಿ ಉಳಿದದ್ದು ಇನ್ನು ನನ್ನ ಹತ್ತಿರ ಮಾತ್ರ. ಅವನಿಗೆ ಅದನ್ನು ಹೇಳುವ ದಿನವನ್ನು ನಾನೇ ಆರಿಸುತ್ತೇನೆ ಎಂದುಕೊಂಡೆ.

ವರ್ಷದ ಕಾರ್ಯ ಸಿಂದಗಿಯ ಮಠದ ಸಭಾಭವನದಲ್ಲಿ ನಡೆಯಿತು. ಅಣ್ಣ ಆಳೆತ್ತರದ ಸೌಂಡ್ ಬಾಕ್ಸ್ ತರಿಸಿದ್ದ. ಮುದ್ದೇಬಿಹಾಳದಿಂದ ಅಪ್ಪನ ತಬಲಾದ ಕಾಕಾ ಬಂದಿದ್ದರು. ಮೂವತ್ತು ವರ್ಷ ಅಪ್ಪನ ಮಗ್ಗುಲಲ್ಲಿ ಕೂತು ಬಾರಿಸಿದ ಮುಸಲ್ಮಾನ ಹಿರಿಯರು ಅವರು. ಕಣ್ಣು ಮಂಜಾಗಿತ್ತು, ಬಾರಿಸುವುದು ಬಿಟ್ಟಿರಲಿಲ್ಲ. ನಮ್ಮ ಮನೆಗೆ ಬಂದಾಗಲೆಲ್ಲ ತಬಲಾ ಶ್ರುತಿ ಮಾಡಿಕೊಂಡು, ಹೊಸ್ತಿಲಲ್ಲಿದ್ದ ನನ್ನ ಕಡೆ ತಿರುಗಿ "ಸರಿ ಐತೇನವಾ?" ಎಂದು ಕೇಳುತ್ತಿದ್ದವರು ಅವರೊಬ್ಬರೇ.

ಅಣ್ಣ ಪೆನ್‌ಡ್ರೈವ್ ಸಿಕ್ಕಿಸಿದ. ಮೊಬೈಲಿನಲ್ಲಿ ಮುಚ್ಚಿಹೋಗಿದ್ದದ್ದೆಲ್ಲ ಆ ಬಾಕ್ಸಿನಲ್ಲಿ ಬಯಲಾಯಿತು. ಪೇಟಿ ತೊದಲಿತು. ತಬಲಾ ಹಸಿ ಹಿಟ್ಟಿನ ಮುದ್ದೆ ಬಡಿದ ಹಾಗಿತ್ತು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಸೌಂಡಿನವನು ಎರಡು ಸಲ ವೈರ್ ಬಿಚ್ಚಿ ಸಿಕ್ಕಿಸಿ, "ರೆಕಾರ್ಡಿಂಗೇ ಹಿಂಗ ಐತ್ರಿ," ಎಂದ. ಹಿಂದಿನ ಸಾಲಿನಲ್ಲಿ ಯಾರೋ, "ಪಾಪ, ವಯಸ್ಸಾಗಿತ್ತಲ್ಲ, ಕೈ ಸೋತಿರಬೇಕು," ಎಂದದ್ದು ಕೇಳಿಸಿತು. ಅಣ್ಣ ಮಾತ್ರ ಮೊದಲ ಸಾಲಿನಲ್ಲಿ ಕಣ್ಣು ಮುಚ್ಚಿ ತಲೆದೂಗುತ್ತಿದ್ದ. ನಾನು ಅವನಿಗೆ ಹೊಡೆದಿದ್ದೆ; ಬಿದ್ದವನು ಅಪ್ಪ.

ಊಟಕ್ಕೆ ಎದ್ದಾಗ ಕಾಕಾ ನನ್ನನ್ನು ಕರೆಸಿದರು. ಅಣ್ಣ ಅವರ ಕೈ ಹಿಡಿದು ನಿಂತಿದ್ದ.

"ನಿಮ್ಮಪ್ಪನ ಬೆರಳು ಹಿಂಗ ತಡವರಿಸ್ತಿದ್ದವೇನವಾ? ಬಾಜೂಕ ಕುಂತ ನನಗ ಗೊತ್ತೇ ಆಗಿಲ್ಲ. ನಂದೂ ಹಂಗ ಐತಿ, ಒಂದ ಪೆಟ್ಟೂ ನೆಟ್ಟಗ ಇಲ್ಲ. ಇಷ್ಟು ವರ್ಷ ಮಂದಿ ಸುಮ್ನ ಹೊಗಳಿದ್ರು ಅನಸ್ತೈತಿ."

"ಏ, ಅಗದೀ ಛಲೋ ಐತಿ ಬಿಡ್ರಿ ಕಾಕಾ," ಎಂದ ಅಣ್ಣ.

ಕಾಕಾ ಅವನ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. "ಇವಗ ತಿಳಿಯೂದಿಲ್ಲ. ನಿನ್ನ ಕಿವಿ ನನಗ ಗೊತ್ತೈತಿ. ನೀ ಖರೇ ಹೇಳು. ನಾವು ಹಿಂಗ ಬಾರಿಸ್ತಿದ್ದೆವೇನು?"

ಫ್ಲ್ಯಾಕ್ ಇದ್ದ ಪೆನ್‌ಡ್ರೈವ್ ನನ್ನ ವ್ಯಾನಿಟಿ ಬ್ಯಾಗಿನಲ್ಲೇ ಇತ್ತು. ಅದನ್ನು ತೆಗೆದು ಸಿಕ್ಕಿಸಿದ್ದರೆ ಐದು ನಿಮಿಷದಲ್ಲಿ ಅಪ್ಪನ ಕೈಯೂ ತಮ್ಮ ಕೈಯೂ ಕಾಕಾಗೆ ಮರಳಿ ಸಿಗುತ್ತಿದ್ದವು. ಆದರೆ ಅಣ್ಣ ಅಲ್ಲೇ ನಿಂತಿದ್ದ. ಅಪ್ಪನನ್ನು ಹಾಳು ಮಾಡಿದವಳು ನಾನು ಎಂದು ಅವನ ಕೈಗೆ ನಾನೇ ಕೋಲು ಕೊಡಬೇಕಾಗುತ್ತಿತ್ತು. ಅವನ ಎದುರು ಒಂದು ಸಲ ಸೋಲುವುದು ನನ್ನಿಂದ ಆಗಲಿಲ್ಲ.

"ಹೂನ್ರಿ ಕಾಕಾ," ಎಂದೆ. "ಹಿಂಗ ಬಾರಿಸ್ತಿದ್ರಿ."

ಅವರು ತಲೆಯಾಡಿಸಿದರು. ನನ್ನ ಮಾತಿನ ಮೇಲೆ ಅವರಿಗೆ ಎಳ್ಳಷ್ಟೂ ಸಂಶಯ ಬರಲಿಲ್ಲ. ಆಮೇಲೆ ಎರಡೂ ಕೈಗಳನ್ನು ಜುಬ್ಬಾದ ಜೇಬಿನೊಳಗೆ ಇಳಿಸಿಕೊಂಡು ಊಟದ ಪಂಕ್ತಿಯ ಕಡೆ ನಡೆದರು.