ಮೂರನೆಯದಕ್ಕೆ ಜಾಗವಿಲ್ಲ ಎಂದ ಹುಡುಗಿ

ಹೆಣ್ಣು ನೋಡಲು ಬಂದವರು ಉಪ್ಪಿಟ್ಟನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದದ್ದನ್ನು ನೀವು ನೋಡಿದ್ದೀರಾ? ನಾನು ಹೋದ ಭಾನುವಾರ ನೋಡಿದೆ. ಕಾರಣ ಕೇಳಿದರೆ ನಗುತ್ತೀರಿ. ಕ್ವಾಂಟಮ್ ಫಿಸಿಕ್ಸ್!

ಹುಡುಗಿ ನನ್ನ ಅಕ್ಕನ ಮಗಳು ಭವ್ಯ. ಪಿಎಚ್‌.ಡಿ ಮಾಡುತ್ತಿದ್ದಾಳೆ. ಹುಡುಗ ಕಿರಣ್, ತಿಪಟೂರಿನ ಕೊಬ್ಬರಿ ವ್ಯಾಪಾರಿಯೊಬ್ಬರ ಮಗ. ಕಿಬ್ಬನಹಳ್ಳಿಯ ಅಕ್ಕನ ಮನೆಗೆ ಅಪ್ಪ ಅಮ್ಮನ ಜೊತೆ ಬಂದಿದ್ದ.

"ಕೇಳಿದ್ರೆ ಲೆಕ್ಚರರ್ ಆಗ್ತೀನಿ ಅನ್ನು, ಸಾಕು" ಎಂದು ಅಕ್ಕ ಮಗಳಿಗೆ ಮೊದಲೇ ಪಾಠ ಮಾಡಿದ್ದಳು. ಆದರೆ ಹುಡುಗನ ತಾಯಿ ಮಂಗಳಮ್ಮ "ಏನ್ ಓದ್ತಾ ಇದೀಯಮ್ಮ?" ಎಂದು ಪ್ರೀತಿಯಿಂದ ಕೇಳಿದರು. ಭವ್ಯ ನಿಜ ಹೇಳಿಬಿಟ್ಟಳು. (ಹೆಣ್ಣು ನೋಡುವ ಶಾಸ್ತ್ರದಲ್ಲಿ ಯಾರಾದರೂ ನಿಜ ಹೇಳುತ್ತಾರೆಯೇ?)

"ಕಣ್ಣಿಗೆ ಕಾಣದಷ್ಟು ಸಣ್ಣ ಮ್ಯಾಗ್ನೆಟ್‌ಗಳ ಬಗ್ಗೆ. ಸ್ಪಿನ್ ಅಂತಾರೆ. ಎರಡೋ ಮೂರೋ ಇರ್ತವೆ, ಅಷ್ಟೆ."

"ಮ್ಯಾಗ್ನೆಟ್ಟಾ?" ಹುಡುಗನ ತಂದೆಗೆ ಜೀವ ಬಂತು. "ಹಂಗಾದ್ರೆ ತೋಟದ್ ಮೋಟ್ರು ಸುಟ್ಟೋದ್ರೆ ವೈಂಡಿಂಗು ನೀನೇ ಮಾಡ್ತೀಯ ಬುಡು!"

ಭವ್ಯ ನಕ್ಕಳು. ಅಲ್ಲಿಗೇ ನಿಲ್ಲಿಸಬಹುದಿತ್ತು.

"ಅದಲ್ಲ ಅಂಕಲ್. ಎರಡು ಮ್ಯಾಗ್ನೆಟ್ ಒಂದಕ್ಕೊಂದು ಹೆಣೆದುಕೊಂಡಿರ್ತವೆ. ಯಾವುದರ ಮುಖ ಎತ್ಲಾಗೆ ಅಂತ ಮೊದಲೇ ತೀರ್ಮಾನ ಆಗಿರಲ್ಲ. ಆದ್ರೆ ನೋಡಿದಾಗ ಒಂದು ಮೇಲೆ ಅಂದ್ರೆ, ಇನ್ನೊಂದು ಕೆಳಗೇ."

"ಗಂಡ ಹೆಂಡ್ತಿ ಥರ ಅನ್ನು" ಎಂದು ಮಂಗಳಮ್ಮ ತಲೆದೂಗಿದರು. ಅಕ್ಕನ ಮುಖ ಅರಳಿತು. ಸಂಬಂಧ ಕುದುರಿತು ಎಂದುಕೊಂಡು ನಾನು ಎರಡನೇ ಕಾಫಿಗೆ ಹೇಳಿದೆ.

ಅಷ್ಟು ಹೊತ್ತೂ ನೆಲ ನೋಡುತ್ತಿದ್ದ ಕಿರಣ್ ಆಗ ಬಾಯಿಬಿಟ್ಟ. "ಮೂರನೇದು ಬಂದ್ರೆ?"

ಭವ್ಯಳ ಕಣ್ಣು ಹೊಳೆಯಿತು. "ಎರಡು ಪೂರ್ತಿ ಹೆಣೆದುಕೊಂಡಿದ್ರೆ ಮೂರನೇದಕ್ಕೆ ಜಾಗ ಇಲ್ಲ. ಅದೂ ಸೇರ್ಬೇಕು ಅಂದ್ರೆ ಮೊದಲಿನ ಎರಡರ ನಂಟು ಸಡಿಲ ಆಗ್ಲೇಬೇಕು."

ಮಂಗಳಮ್ಮ ತಟ್ಟೆ ಕೆಳಗಿಟ್ಟರು. "ಏಳ್ರೀ, ಬಸ್ಸಿಗೆ ಹೊತ್ತಾಯ್ತು." (ಬಂದದ್ದು ಸ್ವಂತ ಕಾರಿನಲ್ಲಿ.)

ಸಂಜೆಗೆ ಸಂಬಂಧ ತಂದವರ ಫೋನು. "ಅತ್ತೆ ಅನ್ನೋಳು ಮನೇಲಿರಕೂಡ್ದು ಅಂತ ಮೊದಲ್ನೇ ದಿನಾನೇ ಹೇಳವ್ಳಂತಲ್ಲ ಕಣಪ್ಪ ನಿಮ್ ಹುಡುಗಿ?"

ಅವಳು ಸ್ಪಿನ್ ಬಗ್ಗೆ ಹೇಳಿದ್ದು ಎಂದೆ.

"ಯಾವ ಸ್ಪಿನ್ನಾದ್ರೇನು? ಹೇಳಿದ್ದು ಹೇಳಿದ್ದೇ."

ಅಕ್ಕ ಅತ್ತಳು. "ಒಂದ್ ಫೋನ್ ಮಾಡಿ, ಮೂರನೇದಕ್ಕೂ ಜಾಗ ಐತೆ ಅನ್ನೇ. ನಿನ್ ಗಂಟೇನ್ ಹೋಗುತ್ತೆ?"

"ಇಲ್ಲದ್ದನ್ನ ಹೆಂಗಮ್ಮ ಹೇಳ್ಲಿ? ಆ ರೂಲು ನಾನು ಮಾಡಿದ್ದಾ?" ಎಂದಳು ಭವ್ಯ. ಆದರೆ ಅವತ್ತು ಊಟ ಮಾಡಲಿಲ್ಲ. ಹುಡುಗ ಅವಳಿಗೆ ಹಿಡಿಸಿದ್ದ. ಮನೆಗೆ ಬಂದವರಲ್ಲಿ ಅವಳು ಹೇಳಿದ್ದನ್ನು ಹಿಡಿದು ಅವಳ ಓದಿನ ಬಗ್ಗೆ ನೆಟ್ಟಗೆ ಒಂದು ಪ್ರಶ್ನೆ ಕೇಳಿದವನು ಅವನೊಬ್ಬನೇ. (ಸೋದರಮಾವನಾದ ನಾನೂ ಕೇಳಿರಲಿಲ್ಲ.)

ಬುಧವಾರ ಕಿರಣ್ ತಾನಾಗಿಯೇ ಭವ್ಯಳಿಗೆ ಫೋನ್ ಮಾಡಿದ. ನೆಟ್‌ನಲ್ಲಿ ಓದಿದನಂತೆ. ಮೂರೂ ಸ್ವಲ್ಪ ಸ್ವಲ್ಪ ನಂಟು ಹಂಚಿಕೊಂಡು ಇರಬಹುದಂತಲ್ಲ? ಇರಬಹುದು ಎಂದಳು ಭವ್ಯ, ದನಿಯಲ್ಲಿ ನಗು. ಬಾಗಿಲ ಹಿಂದೆ ಅಕ್ಕ ದೇವರಿಗೆ ಕೈಮುಗಿದಳು.

"ಹಾಗಾದ್ರೆ ನೀವೇನಂತೀರಿ?" ಭವ್ಯಳೇ ಕೇಳಿದಳು.

"ನಂಗೇನೋ ಇಷ್ಟ ಕಣ್ರೀ. ಅಮ್ಮ ಬೇಡ ಅಂತಾರೆ. ಅವರ ಮಾತು ಮೀರಿ ನಾನೇನೂ ಮಾಡಕ್ಕಾಗಲ್ಲ."

"ಅಲ್ಲಿಗೆ ಜಾಗ ಇಲ್ಲದ ಮೂರನೇದು ನಾನೇ ಆಯ್ತು, ಬುಡಿ" ಎಂದು ಫೋನ್ ಇಟ್ಟಳು.

ಜಾತಕ ಕೂಡಲಿಲ್ಲ ಎಂದು ಅಕ್ಕ ಬೀದಿಗೆಲ್ಲ ಹೇಳಿದ್ದಾಳೆ. ಎಲ್ಲರೂ ತಕ್ಷಣ ನಂಬಿದರು. ಫಿಸಿಕ್ಸ್ ಕೂಡಲಿಲ್ಲ ಎಂದಿದ್ದರೆ ಯಾರು ನಂಬುತ್ತಿದ್ದರು?